ಅಮ್ಮನಿಗೆ ಪ್ರತಿ ಸಲ ಕೋವಿಡ್ ಲಸಿಕೆ ಹಾಕಿಸುತ್ತೇನೆ, ನಾನು ಹಾಕಿಸಿಕೊಳ್ಳುತ್ತಿಲ್ಲ

ನಿಮಗೆ 38, ಮೂರು ಡೋಸ್ ಆಗಿದೆ. ಜೊತೆಗಿರುವ ನಿಮ್ಮ ಅತ್ತೆಗೆ 76. ಇಂಗ್ಲೆಂಡಿನಲ್ಲಿ ಇಬ್ಬರೂ ಕೋವಿಡ್ ಬೂಸ್ಟರ್ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾ ಅಂತ ಕೇಳಿದ್ದೀರಿ. ಒಂದೇ ಮನೆಯಾದರೂ ಇಬ್ಬರಿಗೂ ಒಂದೇ ಉತ್ತರ ಇಲ್ಲ.

ನಾನೂ ಇಲ್ಲೇ ಇರುವವಳು, ವಯಸ್ಸು 46. ಅಮ್ಮನಿಗೆ 78, ಶುಗರ್ ಇದೆ, ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ. 75 ದಾಟಿದವರಿಗೆ ಇಲ್ಲಿ ಏಪ್ರಿಲ್ ಹೊತ್ತಿಗೆ ಒಂದು, ಅಕ್ಟೋಬರ್ ಹೊತ್ತಿಗೆ ಒಂದು, ಹೀಗೆ ವರ್ಷಕ್ಕೆರಡು ಸಲ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನವರು ಪುಕ್ಕಟೆ ಕೊಡುತ್ತಾರೆ. ಅಮ್ಮನಿಗೆ ಒಂದನ್ನೂ ತಪ್ಪಿಸಿಲ್ಲ. ನನ್ನ ಕೊನೆಯದು 2021ರ ಡಿಸೆಂಬರ್‌ನಲ್ಲಿ, ಒಮಿಕ್ರಾನ್ ಬಂದಾಗ ಎಲ್ಲರಿಗೂ ಕೊಟ್ಟ ಬೂಸ್ಟರ್. ಮರುವರ್ಷ ವಯಸ್ಸಿನ ಲೆಕ್ಕದಲ್ಲಿ 50 ದಾಟಿದವರನ್ನೇ ಕರೆದರು, ನನ್ನ ಸರದಿ ಬರಲೇ ಇಲ್ಲ.

ಮೊದಲು ನನಗೂ ಭಯವಾಗಿತ್ತು. ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪ 2021ರ ಏಪ್ರಿಲ್‌ನಲ್ಲಿ ಮೊದಲ ಡೋಸ್ ಹಾಕಿಸಿಕೊಂಡು ಎರಡನೆಯದಕ್ಕೆ ಕಾಯುತ್ತಿದ್ದರು, ಮೇ ತಿಂಗಳಲ್ಲಿ ಕೋವಿಡ್ ಬಂದು ಹೋಗಿಬಿಟ್ಟರು. ಅದಾದ ಮೇಲೆ ಲಸಿಕೆ ಜಾಸ್ತಿ ಆದಷ್ಟೂ ಒಳ್ಳೆಯದು ಅನ್ನಿಸುತ್ತಿತ್ತು. ಆದರೆ ಆಗ ನಮ್ಮ ಮೈಗೆ ಆ ವೈರಸ್ಸಿನ ಪರಿಚಯವೇ ಇರಲಿಲ್ಲ, ಈಗ ಹೆಚ್ಚುಕಡಿಮೆ ಎಲ್ಲರಿಗೂ ಲಸಿಕೆಯಿಂದಲೋ ಸೋಂಕಿನಿಂದಲೋ ಆ ಪರಿಚಯ ಆಗಿದೆ, ನನಗಂತೂ ಎರಡರಿಂದಲೂ.

ಡೋಸ್ ಹಾಕಿಸಿಕೊಂಡ ಮೇಲೆ ಏರುವ ಆಂಟಿಬಾಡಿ, ಅಂದರೆ ವೈರಸ್ಸನ್ನು ತಡೆಯಲು ಮೈಯಲ್ಲಿ ಹುಟ್ಟುವ ಅಂಶ, ಕೆಲವೇ ತಿಂಗಳಲ್ಲಿ ಇಳಿಯುತ್ತದೆ, ವೈರಸ್ಸೂ ರೂಪ ಬದಲಿಸುತ್ತದೆ. ಅದಕ್ಕೇ ಹಾಕಿಸಿಕೊಂಡವರಿಗೂ ಕೋವಿಡ್ ಬರುತ್ತದೆ. ಕಾಯಿಲೆ ಜೋರಾಗದಂತೆ ತಡೆಯುವ ಶಕ್ತಿ ಮಾತ್ರ ಅದಕ್ಕಿಂತ ಜಾಸ್ತಿ ಕಾಲ ಉಳಿಯುತ್ತದೆ. ವಯಸ್ಸಾದವರಲ್ಲಿ ಆ ಶಕ್ತಿಯೂ ಬೇಗ ಕುಂದುತ್ತದೆ, ಕಾಯಿಲೆ ಬಿದ್ದರೆ ಏಳುವುದೂ ಕಷ್ಟ. 2023ರ ಡಿಸೆಂಬರ್‌ನಲ್ಲಿ, ಡೋಸ್ ಆಗಿ ಎರಡೇ ತಿಂಗಳಿಗೆ ಅಮ್ಮನಿಗೆ ಕೋವಿಡ್ ಬಂತು. ನಾಲ್ಕು ದಿನ ಮಲಗಿದರು, ಆಸ್ಪತ್ರೆಗೆ ಹೋಗುವಂತಾಗಲಿಲ್ಲ. ಲಸಿಕೆಯಿಂದಲೇ ಅಷ್ಟಕ್ಕೇ ಮುಗಿಯಿತು ಅಂತ ಒಬ್ಬರನ್ನು ನೋಡಿ ಹೇಳಲಿಕ್ಕೆ ಆಗುವುದಿಲ್ಲ, ಅಲ್ವಾ? ಆದರೆ ಅಮ್ಮನ ವಿಷಯದಲ್ಲಿ ಹಾಕಿಸದೆ ನೋಡೋಣ ಅನ್ನುವ ಧೈರ್ಯ ನನಗಿಲ್ಲ.

ನಿಮ್ಮ ವಯಸ್ಸಿನವರ ಲೆಕ್ಕ ಬೇರೆ. ಆರೋಗ್ಯವಾಗಿದ್ದು ಮೊದಲ ಬೂಸ್ಟರ್ ಆದವರು ಪದೇ ಪದೇ ಹಾಕಿಸಿಕೊಳ್ಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಮಾರ್ಚ್‌ನಿಂದ ಹೇಳುತ್ತಿಲ್ಲ. ಅಪಾಯ ಅಂತಲ್ಲ, ಸಿಗುವ ಲಾಭ ಚಿಕ್ಕದು ಅಂತ. ಹಾಕಿಸಿಕೊಳ್ಳಲೇಬೇಕು ಅನ್ನಿಸಿದರೆ 2024ರಿಂದ ಖಾಸಗಿ ಫಾರ್ಮಸಿಗಳಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. ಗರ್ಭಿಣಿಯಾಗಿದ್ದರೆ, ಕಿಮೊಥೆರಪಿ ನಡೆಯುತ್ತಿದ್ದರೆ, ಕಿಡ್ನಿ ಕಸಿ ಆಗಿದ್ದರೆ ನನ್ನ ಮಾತು ಬಿಟ್ಟು ಡಾಕ್ಟರನ್ನು ಕೇಳಿ. ಹಿಂದಿನ ಡೋಸ್ ಆದಮೇಲೆ ಎದೆನೋವು ಬಂದಿದ್ದರೂ ಅಷ್ಟೇ. ಫೈಜರ್, ಮೊಡೆರ್ನಾ ಲಸಿಕೆ ಆದಮೇಲೆ, ಅದರಲ್ಲೂ ಹುಡುಗರಲ್ಲಿ, ಅಪರೂಪಕ್ಕೆ ಹೃದಯದ ಸ್ನಾಯು ಊದಿಕೊಂಡದ್ದಿದೆ.

ಅತ್ತೆಯವರದನ್ನು ಮಾತ್ರ ಸುಮ್ನೆ ಮುಂದೂಡಬೇಡಿ. ಜ್ವರ ಇದ್ದರೆ ಇಳಿಯಲಿ, ಆಮೇಲೆ ಕರೆದುಕೊಂಡು ಹೋಗಿ. ಸಡಿಲ ತೋಳಿನ ರವಿಕೆ ಹಾಕಲಿ. ಮಾರನೇ ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು, ಆವತ್ತು ಅಡುಗೆ ನೀವೇ ನೋಡಿಕೊಳ್ಳಿ.