ಹಿಮದ ಬೆಟ್ಟಕ್ಕೆ ಒಬ್ಬರೇ ಹೋಗಬಹುದೇ?

ಪ್ರಶ್ನೆ: ನಂದಿಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತಿ ರೂಢಿಯಿರುವ ನಾನು ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಒಬ್ಬನೇ ಹೋಗಬಹುದೇ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ನಿಮ್ಮ ಕಾಲಿನ ಕಸುವಿನ ಬಗ್ಗೆ ನಮಗೆ ಅನುಮಾನವಿಲ್ಲ, ಆದರೆ 1,478 ಮೀಟರ್ ಎತ್ತರದ ನಂದಿಯಲ್ಲಿ ಪಳಗಿದ ಉಸಿರು ಸುಮಾರು 3,800 ಮೀಟರ್ ಎತ್ತರದ ಕೇದಾರಕಂಠಕ್ಕೆ ಸಾಲದು, ಏಕೆಂದರೆ ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ. ತಲೆನೋವು, ವಾಕರಿಕೆ ಕಾಣಿಸಿಕೊಂಡರೆ ಮುಂದೆ ಏರಬಾರದು, ಹೆಚ್ಚಾದರೆ ಕೂಡಲೇ ಇಳಿಯಬೇಕು. ಮಾತು ತೊದಲುವುದು, ಹೆಜ್ಜೆ ತಪ್ಪುವುದು ಮಾತ್ರ ಜೊತೆಗಿರುವವರ ಗಮನಕ್ಕೆ ಬರುವಷ್ಟು ಬೇಗ ನಮ್ಮ ಅರಿವಿಗೆ ಬರುವುದಿಲ್ಲ. ಒಬ್ಬರೇ ಹೋಗುವುದು ಖಂಡಿತ ಬೇಡವೆನ್ನಲು ನಮಗಿರುವ ದೊಡ್ಡ ಕಾರಣ ಇದೇ. ಹಿಮ ಬಿದ್ದ ಮೇಲೆ ಕಾಲುದಾರಿಯೂ ಮುಚ್ಚಿಹೋಗುತ್ತದೆ. ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಲ್ಲಿ ಸ್ಥಳೀಯ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳಿ. ಬೆವರಿಗೆ ನೆಂದ ಹತ್ತಿ ಬಟ್ಟೆ ಮೈಯ ಬಿಸಿಯನ್ನು ಹೀರಿಬಿಡುವುದರಿಂದ ಉಣ್ಣೆಯ ಒಳಉಡುಪನ್ನೇ ಧರಿಸಿ, ಒಣ ಕಾಲುಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟುಕೊಳ್ಳಿ.