ಅಂಟಾರ್ಕ್ಟಿಕಾದ ಹಿಮದಲ್ಲಿ ದೂರಕ್ಕೆ ಕಾಣುವ ಕಲ್ಲುಗುಡ್ಡಗಳನ್ನೇ ಗುರುತಾಗಿಟ್ಟುಕೊಂಡು ನಡೆಯಬಹುದೇ?

ನಾನೂ ಹಾಗೇ ಅಂದುಕೊಂಡು ಹೊರಟವನು. ಅಲ್ಲಿರುವ ಭಾರತದ ಸಂಶೋಧನಾ ನೆಲೆ ಮೈತ್ರಿಯ ದಕ್ಷಿಣಕ್ಕೆ, ವೋಲ್ಥಾಟ್ ಬೆಟ್ಟಸಾಲಿನ ಕಡೆ ಬೇಸಿಗೆ ಕ್ಯಾಂಪ್. ಕಲ್ಲಿನ ಮಾದರಿ ತರುವುದು ನನ್ನ ಕೆಲಸ. ಟೆಂಟಿನ ಎದುರಿಗೇ ಒಂದು ಕರಿಗುಡ್ಡ. "ಮೂರು ಕಿಲೋಮೀಟರ್, ಊಟದ ಹೊತ್ತಿಗೆ ವಾಪಸ್" ಅಂದೆ ಜೊತೆಗಾರನಿಗೆ.

ಆ 'ಮೂರು' ಎಲ್ಲಿಂದ ಬಂತು? ನಾನು ತುಮಕೂರು ಕಡೆಯವನು. ನಮ್ಮಲ್ಲಿ ದೂರದ ಬೆಟ್ಟ ನುಣ್ಣಗೆ, ನೀಲಿ. ನಡುವೆ ಹೊಲ, ತೆಂಗಿನಮರ, ಕರೆಂಟ್ ಕಂಬ. ಅವನ್ನೆಲ್ಲ ನೋಡಿ ಕಣ್ಣು ಲೆಕ್ಕ ಹಾಕುತ್ತದೆ. ಅಲ್ಲಿ ಧೂಳಿಲ್ಲ, ಮರವಿಲ್ಲ, ದೂರದ ಬೆಟ್ಟ ನುಣ್ಣಗೂ ಇಲ್ಲ. ಬಂಡೆಯ ಸೀಳುಗಳು ಕೂಡ ಕಾಣುತ್ತಿದ್ದವು. ಜೇಬಲ್ಲಿ ಜಿಪಿಎಸ್ ಇತ್ತು ಮಾರಾಯ್ರೆ! ಆದರೆ ಅದು ಹೇಳುವುದು ನಾನೆಲ್ಲಿದ್ದೇನೆ ಅಂತ. ಗುಡ್ಡದ ಅಕ್ಷಾಂಶ ರೇಖಾಂಶ ಹಾಕಿರಲಿಲ್ಲ. ನಕ್ಷೆ ಟೆಂಟಿನಲ್ಲೇ ಇತ್ತು, ಮೇಲೆ ಸ್ಕೇಲು ಇಟ್ಟಿದ್ದರೆ ಎರಡು ನಿಮಿಷದ ಕೆಲಸ.

ಎರಡು ಗಂಟೆ ನಡೆದರೂ ಗುಡ್ಡ ಒಂದಿಷ್ಟೂ ದೊಡ್ಡದಾಗಲಿಲ್ಲ. ಅಲ್ಲೇ ತಿರುಗಬೇಕಿತ್ತು. ಹಟ. ಮುಟ್ಟಿದಾಗ ಹನ್ನೊಂದು ಕಿಲೋಮೀಟರ್ ಆಗಿತ್ತು. ಬುಡದಲ್ಲಿ ಗಾಳಿ ಕೊರೆದ ಕಂದಕ, ಎರಡಂತಸ್ತಿನ ಮನೆಯಷ್ಟು ಆಳ, ತಳದಲ್ಲಿ ನುಣುಪು ನೀಲಿ ಮಂಜುಗಡ್ಡೆ. ಹಗ್ಗ ತಂದಿರಲಿಲ್ಲ. ಸುತ್ತಿ ಬಳಸಿ ಬಂಡೆಯ ಬಿರುಕಿಗೆ ಕೈ ಹಾಕಿದರೆ, ಒಳಗೆ ಕೂತಿದ್ದ ಬಿಳಿ ಹಿಮ ಪೆಟ್ರೆಲ್ ಹಕ್ಕಿ ಕೈಗವಸಿನ ಮೇಲೆ ಕಿತ್ತಳೆ ಬಣ್ಣದ ಎಣ್ಣೆ ಉಗುಳಿತು. ಕೊಳೆತ ಮೀನಿನ ವಾಸನೆ. ಅಷ್ಟರಲ್ಲಿ ಕ್ಯಾಂಪಿಗೆ ರೇಡಿಯೋದಲ್ಲಿ ಮಾತಾಡಬೇಕಿದ್ದ ಹೊತ್ತು ಮೀರಿತ್ತು, ಹುಡುಕಲು ಗಾಡಿ ಹೊರಟಿತ್ತು. ಉಳಿದ ದಿನಗಳೆಲ್ಲ ನಾನು ಕ್ಯಾಂಪಲ್ಲೇ. ಮಾದರಿ ಬೇರೆಯವರು ತಂದರು.

ಹಾಗಾಗಿ 'ಗುರುತು' ಅನ್ನೋದನ್ನು ಬಿಟ್ಟುಬಿಡಿ. ಇವು ಹಿಮದ ಮೇಲೆ ಬಿದ್ದಿರುವ ಬಂಡೆಗಳಲ್ಲ, ಹೂತ ಬೆಟ್ಟಗಳ ತುದಿಗಳು. ಗ್ರೀನ್‌ಲ್ಯಾಂಡಿನವರ ಮಾತಲ್ಲಿ ನುನಾಟಕ್. ಇಡೀ ಖಂಡದಲ್ಲಿ ಹೊರಗೆ ಕಾಣುವ ಕಲ್ಲು 0.2 ಶೇಕಡಕ್ಕೂ ಕಡಿಮೆ. ಒಂದೇ ತುದಿ ಮೂರು ಕಡೆಯಿಂದ ಮೂರು ಗುಡ್ಡವಾಗಿ ಕಾಣುತ್ತದೆ. ಮೋಡ ಕವಿದು ನೆಲ ಆಕಾಶ ಒಂದಾದರೆ ಅದೂ ಮಾಯ.

ಗುಡ್ಡದಿಂದ ನಾನು ಕೇಳುವುದು ಗಾಳಿಯ ಸುದ್ದಿ ಮಾತ್ರ. ಗಾಳಿ ಬಡಿಯುವ ಬದಿಗೆ ಸಾಮಾನ್ಯವಾಗಿ ಕಂದಕ, ಹಿಂದೆ ಹಿಮದ ಉದ್ದ ಬಾಲ. ಮರೆ ಸಿಕ್ಕಿತು ಅಂತ ಆ ಬಾಲದ ಮೇಲೆ ಟೆಂಟ್ ಹಾಕಬೇಡಿ, ಒಂದು ಬಿರುಗಾಳಿಗೇ ಹೂತುಹೋಗುತ್ತದೆ.