ಕಸೂತಿ ಮೊದಲು, ಕತ್ತರಿ ಆಮೇಲೆ

ಪ್ರಶ್ನೆ: ನಾಟಕಕ್ಕಾಗಿ 1780ರ ಸುಮಾರಿನ ಫ್ರಾನ್ಸಿನ ಗಂಡಸರ ವೇಸ್ಟ್‌ಕೋಟ್ ಹೊಲಿಯಬೇಕು. ಬಟ್ಟೆ ಕೆನೆಬಣ್ಣದ ರೇಷ್ಮೆ ಸ್ಯಾಟಿನ್. ಹೊಲಿದು ಮುಗಿಸಿದ ಮೇಲೆ ಅಂಚಿಗೆ ಹೂಬಳ್ಳಿ ಹಾಕಬಹುದೇ? ಮಾದರಿ ತುಂಡಿನಲ್ಲಿ ಹೂವಿನ ಸುತ್ತ ಸುಕ್ಕುಗಟ್ಟಿದೆ.

ಉತ್ತರ: ಬೇಡ. ಆ ಕಾಲದ ಕಸೂತಿಗಾರರು ಎರಡು ಮುಂಭಾಗ, ಜೇಬಿನ ಮುಚ್ಚಳ, ಗುಂಡಿಗೆ ಹೊದಿಸುವ ಬಿಲ್ಲೆಗಳು ಎಲ್ಲವನ್ನೂ ಕತ್ತರಿಸದ ಬಟ್ಟೆಯ ಮೇಲೇ ಬರೆದುಕೊಂಡು ಕಸೂತಿ ಮುಗಿಸುತ್ತಿದ್ದರು. ತೊಡುವವನ ಅಳತೆಗೆ ಕತ್ತರಿಸುವುದು ಆಮೇಲೆ ದರ್ಜಿಯ ಕೆಲಸ. ಹಾಗೆ ಕತ್ತರಿ ತಾಗದೆಯೇ ಉಳಿದ ತುಂಡುಗಳು ವಸ್ತುಸಂಗ್ರಹಾಲಯಗಳಲ್ಲಿ ಈಗಲೂ ಇವೆ. ಬೆನ್ನಿನ ಭಾಗ ಕೋಟಿನಡಿ ಮುಚ್ಚಿಹೋಗುವುದರಿಂದ ಅದಕ್ಕೆ ಸಾದಾ ಬಟ್ಟೆಯೇ ಸಾಕು.

ಸ್ಯಾಟಿನ್ ಒಂದೇ ಇದ್ದರೆ ನೂಲಿನ ಎಳೆತ ತಾಳುವುದಿಲ್ಲ, ಸುಕ್ಕು ಬರುವುದು ಅದರಿಂದ. ಒಮ್ಮೆ ಒಗೆದು ಒಣಗಿಸಿದ ತೆಳು ಹತ್ತಿ ಅಥವಾ ಲಿನನ್ ಬಟ್ಟೆಯನ್ನು ಅಡಿಗೆ ಕೊಡಿ. ಎರಡರ ಉದ್ದೆಳೆಯೂ ಒಂದೇ ದಿಕ್ಕಿಗಿರಲಿ. ದುಂಡು ರಿಂಗ್ ಸ್ಯಾಟಿನ್ ಮೇಲೆ ಗುರುತು ಬಿಡುತ್ತದೆ, ಅದೂ ಅಲ್ಲದೆ ಬಟ್ಟೆಯನ್ನು ಓರೆಯಾಗಿ ಎಳೆಯುತ್ತದೆ. ಇಡೀ ಮುಂಭಾಗ ಹಿಡಿಸುವ ಮರದ ಚೌಕಟ್ಟಿಗೆ ಬಿಗಿಯಿರಿ.

ವಿನ್ಯಾಸ ಇಳಿಸಲು ಟ್ರೇಸಿಂಗ್ ಕಾಗದದ ಗೆರೆಗಳ ಮೇಲೆ ಸುಮಾರು 2 ಮಿ.ಮೀ. ಅಂತರದಲ್ಲಿ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ಸವರಿ, ಬಿದ್ದ ಚುಕ್ಕೆಗಳನ್ನು ಸಪೂರ ಕುಂಚದಿಂದ ಸೇರಿಸಿ. ಶಾಖಕ್ಕೆ ಅಳಿಸುವ ಪೆನ್ನು ಬೇಡವೇ ಬೇಡ. ಚಳಿ ತಾಗಿದರೆ ಗೆರೆ ಮತ್ತೆ ಮೂಡಬಹುದು.

ಕತ್ತರಿಸುವ ಗೆರೆಯಾಚೆ 3 ಸೆಂ.ಮೀ. ಬಟ್ಟೆ ಬಿಟ್ಟಿರಿ. ಕಸೂತಿ ಬಟ್ಟೆಯನ್ನು ತುಸು ಒಳಕ್ಕೆಳೆದಿರುತ್ತದೆ, ಆದ್ದರಿಂದ ಚೌಕಟ್ಟಿನಿಂದ ಬಿಚ್ಚಿದ ಮೇಲೆ ಪ್ಯಾಟರ್ನನ್ನು ಮತ್ತೊಮ್ಮೆ ಇಟ್ಟು ನೋಡಿಯೇ ಕತ್ತರಿಸಬೇಕು. ಕಾಜಾ ಬರುವ ಜಾಗವನ್ನೂ ಮೊದಲೇ ಗುರುತಿಸಿ: ದಪ್ಪ ಹೂವಿನ ನಡುವೆ ಕಾಜಾ ಕತ್ತರಿಸಿದರೆ ನೂಲೆಲ್ಲ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಎಸಳುಗಳಲ್ಲಿ ಬಣ್ಣ ಬೆರೆಯುವುದಿಲ್ಲ, ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಏಕೆ?

ಉತ್ತರ: ಎಸಳು ತುಂಬುವ ಲಾಂಗ್ ಅಂಡ್ ಶಾರ್ಟ್ ಸ್ಟಿಚ್‌ನಲ್ಲಿ (ಉದ್ದ-ಗಿಡ್ಡ ಹೊಲಿಗೆ) ಹೆಸರಿಗೆ ತಕ್ಕಂತೆ ಒಂದುದ್ದ ಒಂದು ಗಿಡ್ಡ ಎಂದು ಕ್ರಮವಾಗಿ ಹಾಕುತ್ತಾ ಹೋದರೆ ಗರಗಸದ ಹಲ್ಲು ಮೂಡುತ್ತದೆ. ಉದ್ದ ಬೇಕೆಂದೇ ಏರುಪೇರಾಗಿರಲಿ. ಮೊದಲು ಎಸಳಿನ ಅಂಚಿಗೆ ಸ್ಪ್ಲಿಟ್ ಸ್ಟಿಚ್ (ಹಿಂದಿನ ಹೊಲಿಗೆಯ ಎಳೆಯನ್ನು ಸೀಳುತ್ತಾ ಸಾಗುವ ಸಾಲು) ಹಾಕಿ, ಅದರ ಹೊರಬದಿಯಲ್ಲೇ ಸೂಜಿ ಇಳಿಸಿದರೆ ಅಂಚು ಚೊಕ್ಕವಾಗುತ್ತದೆ. ಎರಡನೆಯ ಬಣ್ಣದ ಸಾಲು ಮೊದಲ ಸಾಲಿನ ಎಳೆಗಳನ್ನು ಸೀಳಿಕೊಂಡು, ಅದರ ಅರ್ಧದವರೆಗೆ ಒಳಹೋಗಬೇಕು. ಬರೀ ತುದಿಗೆ ತಾಗಿಸಿ ನಿಲ್ಲಿಸುವುದರಿಂದಲೇ ಪಟ್ಟೆ ಕಾಣುವುದು. ದಿಕ್ಕು ಯಾವಾಗಲೂ ಹೂವಿನ ನಡುವಿನ ಕಡೆಗೆ. ಪೆನ್ಸಿಲ್ಲಿನಿಂದ ನಾಲ್ಕಾರು ದಾರಿಗೆರೆ ಎಳೆದುಕೊಂಡರೆ ಕೈ ತಪ್ಪುವುದಿಲ್ಲ. ಒಂದು ಎಸಳಿಗೆ ಮೂರು ಛಾಯೆ ಸಾಕು, ದೊಡ್ಡ ಗುಲಾಬಿಗೆ ಐದು. 8 ಮಿ.ಮೀ. ಮೀರಿದ ಹೊಲಿಗೆ ತೊಡುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ದಂಟಿಗೆ ಹಗ್ಗದಂತೆ ಕಾಣುವ ಸ್ಟೆಮ್ ಸ್ಟಿಚ್, ಕೇಸರಕ್ಕೆ ನೂಲನ್ನು ಸೂಜಿಗೆ ಸುತ್ತಿ ಹಾಕುವ ಗಂಟು, ಅಂದರೆ ಫ್ರೆಂಚ್ ನಾಟ್.

ಹುರಿಯಿಲ್ಲದ ರೇಷ್ಮೆಯನ್ನು 40 ಸೆಂ.ಮೀ.ಗಿಂತ ಉದ್ದ ಪೋಣಿಸಬೇಡಿ. ಒರಟು ಬೆರಳಿಗೆ ಅದು ಕಚ್ಚಿಕೊಳ್ಳುತ್ತದೆ, ಕೂರುವ ಮುನ್ನ ಉಗುರಿನ ಅಂಚು ಉಜ್ಜಿಕೊಳ್ಳಿ.

ಪ್ರಶ್ನೆ: ರೇಷ್ಮೆಯ ಬದಲು ಹೊಳಪಿನ ಹತ್ತಿ ನೂಲು ನಡೆಯುತ್ತದೆಯೇ?

ಉತ್ತರ: ರಂಗದ ಮೇಲೆ ನಡೆಯುತ್ತದೆ. ಕಾಲಕ್ಕೆ ನಿಷ್ಠವಾಗಿರಬೇಕೆಂದರೆ ಇಲ್ಲ. ಅಂಥ ನೂಲಿಗೆ ಬೇಕಾದ ಮರ್ಸರೈಸಿಂಗ್, ಅಂದರೆ ಹತ್ತಿಯನ್ನು ಕ್ಷಾರದ್ರಾವಣದಲ್ಲಿ ಅದ್ದುವ ಸಂಸ್ಕರಣೆ, ಬಂದದ್ದೇ 1844ರಲ್ಲಿ. ಬಣ್ಣದಲ್ಲೂ ಜಾಗ್ರತೆ ಬೇಕು. ಕಣ್ಣಿಗೆ ಹೊಡೆಯುವ ನೇರಳೆ 1856ರ ನಂತರದ ಕೃತಕ ಬಣ್ಣಗಳ ಕೊಡುಗೆ.

ಪ್ರಶ್ನೆ: ಗುಂಡಿಯ ಮೇಲಿನ ಹೂವು ಮಡಿಕೆಯೊಳಗೆ ಹೋಗಿಬಿಡುತ್ತದೆ.

ಉತ್ತರ: 2 ಸೆಂ.ಮೀ. ಗುಂಡಿಗೆ 4 ಸೆಂ.ಮೀ. ಬಿಲ್ಲೆ ಬೇಕು, ಹೂವು ಮಾತ್ರ ನಡುವಿನ 1.5 ಸೆಂ.ಮೀ. ಒಳಗಿರಬೇಕು. ಹಿಂದೆ ಗಂಟು ಬಿಡಬೇಡಿ, ಗಟ್ಟಿ ಅಚ್ಚಿನ ಮೇಲೆ ಉಬ್ಬಿ ಕಾಣುತ್ತದೆ. ಎರಡು ಬಿಲ್ಲೆ ಹೆಚ್ಚಿಗೆ ಕಸೂತಿ ಮಾಡಿಟ್ಟುಕೊಳ್ಳಿ. ಬಿಗಿದು ಕಟ್ಟುವಾಗ ಸ್ಯಾಟಿನ್ ಹರಿಯುವುದುಂಟು.